ಸವೆದ ಬೆರಳುಗಳ ಪರವಾಗಿ: ಉಡುಪಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಉಡುಪಿ ಜಿಲ್ಲೆ, ರಜತಾದ್ರಿ, ಮಣಿಪಾಲ

ಮಾನ್ಯರೇ,

ನವೆಂಬರ್ ಬರುವ ಮೊದಲೇ ಈ ಪತ್ರ ತಮ್ಮ ಗಮನಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಪಿಂಚಣಿ ಪಡೆಯುವ ಮಾಜಿ ಸೈನಿಕರು ಮತ್ತು ಅವರನ್ನು ಕಳೆದುಕೊಂಡ ಹೆಂಗಸರು ತಾವು ಬದುಕಿದ್ದೇವೆ ಎಂದು ತೋರಿಸುವ ಲೈಫ್ ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಕೊಡಬೇಕಾದ ತಿಂಗಳು ಅದು. ಕಳೆದ ಬಾರಿ ನನ್ನ ಅಪ್ಪನಿಗೆ ಅದನ್ನು ಕೊಡಲಾಗಲಿಲ್ಲ. ಅವರ ಬೆರಳಚ್ಚನ್ನು ಯಂತ್ರ ಹಿಡಿಯಲೇ ಇಲ್ಲ. ಕೆಲವು ತಿಂಗಳು ಪಿಂಚಣಿ ನಿಂತಿತು. ಬಾಕಿ ಹಣ ಆಮೇಲೆ ಬಂತು, ಹಣದ ವಿಚಾರದಲ್ಲಿ ನನ್ನ ದೂರಿಲ್ಲ. ಆದರೆ ಆ ಬೆರಳುಗಳು ಹೇಗೆ ಸವೆದವು ಎಂಬುದು ತಮಗೆ ತಿಳಿದಿರಬೇಕು.

ಹೆಬ್ರಿ ಕಡೆಯ ನಮ್ಮದು ಗೇಣಿ ಒಕ್ಕಲಿನ ಮನೆ. ಅಕ್ಕಿಮುಡಿ ಧಣಿಗಳ ಮನೆಗೆ ಹೋದ ಮೇಲೆ ಮಕ್ಕಳಿಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಅಪ್ಪ ಐದನೇ ಕ್ಲಾಸಿಗೇ ಶಾಲೆ ಬಿಟ್ಟರು. 1966ರಲ್ಲಿ ಸೈನ್ಯಕ್ಕೆ ಸೇರಿ, ಬೆಂಗಳೂರಿನ ಹಲಸೂರು ಕೆರೆ ಬದಿಯ, ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರಕ್ಕೆ ಹೋದಾಗ ಬರುತ್ತಿದ್ದದ್ದು ತುಳು, ಸ್ವಲ್ಪ ಕನ್ನಡ. ಆಗ ಸೈನ್ಯದಲ್ಲಿ ಹಿಂದಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕಲಿಸುತ್ತಿದ್ದರು. ಹಿಂದಿಗಾಗಿ ಕಲಿತ ಆ ಅಕ್ಷರಗಳನ್ನೇ ಹಿಡಿದು, ಬೇರೆಯವರ ಡಿಕ್ಷನರಿ ಕೇಳಿ ಪಡೆದು, ಅಪ್ಪ ಇಂಗ್ಲಿಷ್ ಓದುವುದನ್ನು ತಾವಾಗಿಯೇ ರೂಢಿ ಮಾಡಿಕೊಂಡರು.

1971ರ ಯುದ್ಧದಲ್ಲಿ ಅವರ 9 ಎಂಜಿನಿಯರ್ ರೆಜಿಮೆಂಟ್ ಪಾಕಿಸ್ತಾನದ ಶಕರ್‌ಗಢ ಕಡೆಯಲ್ಲಿತ್ತು. ಬಸಂತರ್ ನದಿಯ ಆಸುಪಾಸಿನಲ್ಲಿ ಶತ್ರುಗಳು ಹೂತಿಟ್ಟ ನೆಲಬಾಂಬ್‌ಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಡುವ ಕೆಲಸ ಇವರದು. ಆ ಕೆಲಸದಲ್ಲೇ ಅವರ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಪ್ರಾಣ ಬಿಟ್ಟರು, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ಮುಂದೆ ನುಗ್ಗಿದವು. ಡಿಸೆಂಬರ್ 16ರಂದು ಆ ಟ್ಯಾಂಕ್ ಪಡೆಯ 21 ವರ್ಷದ ಅಧಿಕಾರಿ ಅರುಣ್ ಖೇತರ್‌ಪಾಲ್ ಅಲ್ಲಿಯೇ ಹುತಾತ್ಮರಾದರು. ಅಪ್ಪ ಈಗಲೂ ಹೇಳುವುದು ಚಳಿಯ ಬಗ್ಗೆ. ಕೈಗವಸು ಹಾಕಿಕೊಂಡರೆ ನೆಲ ಚುಚ್ಚಿ ನೋಡುವ ಕಬ್ಬಿಣದ ಕಡ್ಡಿಯ ತುದಿಗೆ ತಾಗಿದ್ದು ಕಲ್ಲೋ ಬಾಂಬೋ ಗೊತ್ತಾಗುತ್ತಿರಲಿಲ್ಲವಂತೆ. ಬರಿಗೈಯಲ್ಲೇ ಮಾಡಬೇಕಿತ್ತು.

1974ರಲ್ಲಿ ಗೇಣಿ ಒಕ್ಕಲನ್ನೇ ಭೂಮಿಯ ಒಡೆಯನಾಗಿಸುವ ಭೂಸುಧಾರಣೆ ಕಾನೂನು ಬಂತು. ರಜೆಯಲ್ಲಿ ಬಂದಿದ್ದ ಅಪ್ಪ ನಮ್ಮ ಅಜ್ಜನ ಡಿಕ್ಲರೇಷನ್, ಅಂದರೆ ಭೂಮಿ ಕೇಳುವ ಅರ್ಜಿಯನ್ನು ತಾವೇ ಕುಳಿತು ತುಂಬಿದರು. ಸುದ್ದಿ ತಿಳಿದು ಸುತ್ತಲಿನ ಒಕ್ಕಲುಗಳೂ ಬಂದರು. ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಏಳನೇ ನಂಬ್ರದ ಫಾರಂ ತುಂಬಿಸುತ್ತಿದ್ದದ್ದನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ.

1983ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದಾಗ ಊರಿನ ತೋಟಗಳಿಗೆ ಕರೆಂಟಿನ ಪಂಪ್ ಬರತೊಡಗಿತ್ತು. ಮೋಟಾರ್ ಸುಟ್ಟರೆ ಕಾರ್ಕಳಕ್ಕೋ ಉಡುಪಿಗೋ ಬಸ್ಸಿನ ಮೇಲೆ ಹಾಕಿ ಕಳಿಸಬೇಕು. ತಿರುಗಿ ಬರುವಷ್ಟರಲ್ಲಿ ಅಡಿಕೆ ಸಸಿ ಒಣಗಿರುತ್ತಿತ್ತು. ಅಪ್ಪ ಸುಟ್ಟುಹೋದ ಒಂದು ಮೋಟಾರನ್ನು ಬಿಚ್ಚಿ ಹರಡಿಕೊಂಡು ಕುಳಿತರು. ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನ ಒಂದೊಂದು ಸ್ಲಾಟಿನಿಂದ ತಂತಿ ಎಳೆದು ಸುತ್ತು ಎಣಿಸಿದರು, ಗೇಜ್ ಅಳೆದರು, ಯಾವ ಕಾಯಿಲ್ ಎಲ್ಲಿಂದ ಎಲ್ಲಿಗೆ ಹಾರುತ್ತದೆ ಎಂದು ಚಿತ್ರ ಬರೆದುಕೊಂಡರು. ಆ ನೋಟ್‌ಬುಕ್ ನನ್ನ ಹತ್ತಿರ ಇದೆ: ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಕಲಸಿದ ಬರವಣಿಗೆ, ಪುಟಗಳ ಅಂಚಿನಲ್ಲಿ ವಾರ್ನಿಷ್ ಕಲೆ. ಹೀಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬಿದಿರಿನ ಚಕ್ಕೆಯಿಂದ ತಾಮ್ರದ ತಂತಿಯನ್ನು ಸ್ಲಾಟಿಗೆ ತಳ್ಳಿ, ಬೆರಳಲ್ಲಿ ಒತ್ತಿ ಕೂರಿಸಿ, ಥಿನ್ನರ್‌ನಲ್ಲಿ ಕೈ ತೊಳೆದು ಮತ್ತೆ ತೋಟಕ್ಕೆ ಇಳಿಯುತ್ತಿದ್ದರು. ನಾವು ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಮೋಟಾರ್ ರಿಪೇರಿಯ ದುಡ್ಡಿನಿಂದ.

ಆ ಕೈಗಳನ್ನು ಹಿಡಿದುಕೊಂಡು ಅವರು ಕಳೆದ ನವೆಂಬರ್‌ನಲ್ಲಿ ಸೇವಾ ಕೇಂದ್ರದ ಕೌಂಟರಿನ ಎದುರು ನಿಂತರು. ಯಂತ್ರದಲ್ಲಿ ಕೆಂಪು ದೀಪ. "ಅಜ್ಜರೇ, ಕೈ ತೊಳೆದು ಬನ್ನಿ" ಅಂದರು. ತೊಳೆದು ಬಂದರು. ಮತ್ತೆ ಕೆಂಪು. ಇನ್ನೊಮ್ಮೆ ಸೋಪು ಹಾಕಿ ತೊಳೆಯಲು ಕಳಿಸಿದರು. ಹೊರಗಿನ ನಲ್ಲಿಯ ಹತ್ತಿರ ಅಪ್ಪ ಬೆರಳು ಉಜ್ಜುತ್ತಿದ್ದುದನ್ನು ನಾನು ನೋಡಿದೆ, ತಮ್ಮ ಕೈಯಲ್ಲೇ ಏನೋ ಕೊಳೆ ಇದೆ ಎಂದು ನಂಬಿದವರ ಹಾಗೆ. ಕೊನೆಗೆ "ಆಯ್ತು, ಹೋಗಿ" ಎಂದರು. ಆಗಿರಲಿಲ್ಲ. ಅದು ನಮಗೆ ಗೊತ್ತಾದದ್ದು ಪಿಂಚಣಿ ನಿಂತ ಮೇಲೆ.

ಪರಿಹಾರವೇ ಇಲ್ಲದ ಸಮಸ್ಯೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ಸೌಲಭ್ಯವನ್ನು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲೇ ತಂದಿದೆ. ಪಿಂಚಣಿ ನಿಂತ ಮೇಲೆ ನನ್ನ ತಮ್ಮನ ಮಗ ಮೊಬೈಲಿಗೆ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆ್ಯಪ್ ಹಾಕಿ, ಸಿಗ್ನಲ್ ಸಿಗುವ ಗುಡ್ಡೆಯ ಮೇಲೆ ಅಜ್ಜನನ್ನು ಕೂರಿಸಿ, ಕಣ್ಣು ಮಿಟುಕಿಸಲು ಹೇಳಿದ. ನಿಮಿಷಗಳಲ್ಲಿ ಮುಗಿಯಿತು. ಇದೇ ಮಾತನ್ನು ಕೌಂಟರಿನಲ್ಲಿ ಹೇಳಿದ್ದರೆ ಸಾಕಿತ್ತು. ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುವ ಸೇವೆಯೂ 2020ರಿಂದ ಇದೆ, ಅದೂ ನಮ್ಮೂರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮೊಬೈಲ್ ಸಿಗ್ನಲ್ಲೇ ಇಲ್ಲದ ಘಟ್ಟದ ಬುಡದ ಮನೆಗಳವರು ಅಧಿಕಾರಿಯ ಸಹಿ ಇರುವ ಕಾಗದದ ಪ್ರಮಾಣಪತ್ರವನ್ನೂ ಕೊಡಬಹುದು.

ತಮ್ಮಲ್ಲಿ ನನ್ನ ಬೇಡಿಕೆ ಇದು. ಪ್ರತಿ ಗ್ರಾಮದ ಮಾಜಿ ಸೈನಿಕರ ಮತ್ತು ಕುಟುಂಬ ಪಿಂಚಣಿದಾರರ ಪಟ್ಟಿಯನ್ನು ಗ್ರಾಮ ಆಡಳಿತಾಧಿಕಾರಿಗಳಿಗೆ ಕೊಡಿಸಿ. ಅವರಿಗೆ ಮನೆಗಳ ಗುರುತಿದೆ, ಯಾರು ಹಾಸಿಗೆ ಹಿಡಿದಿದ್ದಾರೆಂಬುದೂ ಗೊತ್ತು. ಅಂಥವರ ಮನೆಗೆ ಮೊಬೈಲ್ ಹಿಡಿದು ಹೋಗಲಿ, ಸಿಗ್ನಲ್ ಇಲ್ಲದಲ್ಲಿ ಕಾಗದಕ್ಕೆ ಸಹಿ ಹಾಕಲು ತಾಲೂಕಿನಿಂದ ಒಬ್ಬ ಅಧಿಕಾರಿ ಜೊತೆಗಿರಲಿ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇರುವುದರಿಂದ ಮೊದಲು ಅವರ ಮನೆಗಳಿಂದ ಶುರುಮಾಡಬಹುದು. ಬೆರಳು ಹಿಡಿಯದಿದ್ದರೆ ಮುಖದಿಂದ ಮಾಡಬೇಕು, ತಿರಸ್ಕೃತವಾದರೆ ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಬೇಕು ಎಂದು ಜಿಲ್ಲೆಯ ಎಲ್ಲ ಸೇವಾ ಕೇಂದ್ರಗಳಿಗೆ ತಿಳಿಸಿ. ಹೀಗೆ ಮಾಡಿದರೆ ಸೈನಿಕರಿಗೆ ಮಾತ್ರ ಅನುಕೂಲ ಎಂದಲ್ಲ. ಜೀವಮಾನವಿಡೀ ಬೀಡಿ ಕಟ್ಟಿದ, ಗೇರುಬೀಜದ ಸೊನೆಯಲ್ಲಿ ಕೈ ಸುಟ್ಟುಕೊಂಡ ನಮ್ಮ ಜಿಲ್ಲೆಯ ಹೆಂಗಸರ ಬೆರಳುಗಳದ್ದೂ ಇದೇ ಪಾಡು.

ಜನವರಿ 26ಕ್ಕೆ ಕರೆದು ಶಾಲು ಹೊದೆಸುತ್ತಾರೆ. ಅಪ್ಪ 1971ರ ಯುದ್ಧಕ್ಕೆ ಸಿಕ್ಕ ಪಶ್ಚಿಮಿ ಸ್ಟಾರ್ ಪದಕ ಧರಿಸಿ ಸಂತೋಷದಿಂದಲೇ ಹೋಗುತ್ತಾರೆ, ಅದು ಮುಂದುವರಿಯಲಿ. ಈ ಪತ್ರ ಬರೆಯುತ್ತಿರುವುದು ಅವರಿಗೆ ಗೊತ್ತು. ತಮ್ಮ ಹೆಸರು ಹಾಕಬೇಡ, ಉಳಿದವರ ಕೆಲಸ ಆಗಲಿ ಅಂದಿದ್ದಾರೆ. ನಮ್ಮ ಗ್ರಾಮದ ಪಟ್ಟಿ ನಾನೇ ಮಾಡಿಟ್ಟಿದ್ದೇನೆ. ತಮ್ಮ ಸುತ್ತೋಲೆ ಹೊರಟರೆ, ಗ್ರಾಮ ಆಡಳಿತಾಧಿಕಾರಿಯ ಜೊತೆ ಮನೆಮನೆಗೆ ಬಂದು ದಾರಿ ತೋರಿಸಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಜಿ ಸೈನಿಕರೊಬ್ಬರ ಮಗಳು
ಹೆಬ್ರಿ ತಾಲೂಕು, ಉಡುಪಿ ಜಿಲ್ಲೆ