ಹಲಗೆ ಮುರಿದರೆ ಅದೂ ಪ್ರವಾಸಿಗರ ತಪ್ಪಾ?

ಮಾನ್ಯರೇ,

ಕಡಲ ದಂಡೆಯ ವಾಕ್‌ವೇಯಲ್ಲಿ ಹಲಗೆ ಮುರಿದ ಸುದ್ದಿಯನ್ನು ನಿನ್ನೆ ಹಾಕಿದ್ದೀರಿ. ಧನ್ಯವಾದ. ಆದರೆ ‘ಮಹಿಳೆಯೊಬ್ಬರಿಗೆ ಸಣ್ಣಪುಟ್ಟ ಗಾಯ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಆ ಮಹಿಳೆ ನಮ್ಮತ್ತೆ. ಸಣ್ಣಪುಟ್ಟ ಗಾಯಕ್ಕೆ ಐದು ಹೊಲಿಗೆ ಬಿದ್ದಿದೆ. ‘ಪ್ರವಾಸಿಗರು ಗುಂಪುಗೂಡಿ ನಿಂತಿದ್ದೇ ಕಾರಣ’ ಎಂಬ ಅಧಿಕಾರಿಗಳ ಮಾತನ್ನೂ ಓದಿದೆ. ಗುಂಪು ಅಂದರೆ ನಾನು, ನನ್ನ ಹೆಂಡತಿ, ಅತ್ತೆ, ಮತ್ತೆ ಐಸ್‌ಕ್ರೀಮ್ ತಿನ್ನುತ್ತಿದ್ದ ಮಗ. ಇಷ್ಟು ಭಾರ ತಡೆಯದಿದ್ದರೆ ದಸರಾ ರಜೆಯಲ್ಲಿ ಜನರನ್ನು ಅದರ ಮೇಲೆ ಬಿಟ್ಟಿದ್ದು ಯಾಕೆ?

ಅತ್ತೆಯ ಕಾಲು ಬಿಡಿಸುವಾಗ ಆ ಹಲಗೆಯನ್ನು ಹತ್ತಿರದಿಂದ ನೋಡಿದೆ. ಮೇಲೆ ಹೊಸ ಬಣ್ಣ. ಕೆಳಗೆ ಮರ ಹಿಸುಕಿದರೆ ಪುಡಿ. ಬೋಲ್ಟಿನ ತಲೆ ತುಕ್ಕು ತಿಂದು ಕಡಲೆಕಾಳಿನಷ್ಟಾಗಿತ್ತು. ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣ ನಿಲ್ಲುವುದಿಲ್ಲ ಎಂದು ದೋಣಿ ಇಟ್ಟುಕೊಂಡ ಯಾರನ್ನು ಕೇಳಿದರೂ ಹೇಳುತ್ತಾರೆ. ಟೆಂಡರ್ ಕರೆದವರು ಮಾತ್ರ ಕೇಳಿಲ್ಲ. ಪಕ್ಕದಲ್ಲೇ ಉದ್ಘಾಟನೆಯ ಕಲ್ಲು ಇದೆ. ಗ್ರಾನೈಟ್! ಅದರಲ್ಲಿ ಒಬ್ಬರ ಹೆಸರೂ ಮಾಸಿಲ್ಲ.

ಮುಂದಿನದ್ದು ಕೇಳಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ ಎಂದರೆ ಪಾರ್ಕಿಂಗ್ ಚೀಟಿ ಹರಿಯುವ ಹುಡುಗ ಟಿಶ್ಯೂ ಪೇಪರ್ ಕೊಟ್ಟ. ಪಾಪ, ಅವನ ಹತ್ತಿರ ಇದ್ದದ್ದೇ ಅದು. ಕಾಲು ತೊಳೆಯೋಣ ಎಂದರೆ ಶೌಚಾಲಯಕ್ಕೆ ಬೀಗ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರಂತೆ, ಸಂಜೆ ಐದು ಗಂಟೆಗೆ! ಕೊನೆಗೆ ಚುರುಮುರಿ ಮಾರುವ ಅಮ್ಮ ತಮ್ಮ ಕುಡಿಯುವ ನೀರನ್ನೇ ಸುರಿದರು. ಆಟೋ ಹತ್ತಿರ ಬರುವಂತಿಲ್ಲ. ದಾರಿಗೆ ಅಡ್ಡವಾಗಿ ಸೆಲ್ಫಿ ಪಾಯಿಂಟ್ ಕಟ್ಟಿದ್ದಾರೆ, ಊರಿನ ಹೆಸರು, ಪಕ್ಕದಲ್ಲಿ ಕೆಂಪು ಹೃದಯ. ಅದರ ದೀಪ ಮಾತ್ರ ಜೋರಾಗಿ ಉರಿಯುತ್ತಿತ್ತು. ರೂಮಿನ ಅಡ್ವಾನ್ಸೂ ಹೋಯಿತು, ರಜೆಯೂ ಹೋಯಿತು.

ಇದೇನು ಹೊಸದಲ್ಲ ಬಿಡಿ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ ಕೆಲವೇ ದಿನಕ್ಕೆ ಅಲೆಯ ಹೊಡೆತಕ್ಕೆ ಹಾಳಾಯಿತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಆಮೇಲೆ ಬೀಚನ್ನೇ ಮುಚ್ಚಿದರು. ಮೊದಲು ಹೆಣ ಬೀಳಬೇಕು, ಆಮೇಲೆ ಹಗ್ಗ ಕಟ್ಟುತ್ತಾರೆ. ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಬಂತು ಎಂದು ಭಾಷಣದಲ್ಲೆಲ್ಲ ಹೇಳುತ್ತಾರೆ. ಸಂತೋಷ. ಆ ಬಾವುಟ ಹಾರಬೇಕಾದರೆ ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಶುಚಿಯಾದ ಶೌಚಾಲಯ ಎಲ್ಲ ಇರಲೇಬೇಕು. ಬಾವುಟ ಇಲ್ಲದ ಕಡೆ ಜನರಿಗೆ ಕಾಲಿಲ್ವಾ?

ಫೋನ್ ಮಾಡಿದರೆ ಒಂದು ಇಲಾಖೆಯವರು ‘ನಮಗೆ ಬರಲ್ಲ’ ಎನ್ನುತ್ತಾರೆ. ಇನ್ನೊಂದು ಇಲಾಖೆಯವರು ಗುತ್ತಿಗೆದಾರರನ್ನು ಕೇಳಿ ಎನ್ನುತ್ತಾರೆ. ಗುತ್ತಿಗೆದಾರರ ಫೋನ್ ಸ್ವಿಚ್ ಆಫ್. ನಮ್ಮ ಬಡಾವಣೆಯ ಚರಂಡಿಯ ಸ್ಲ್ಯಾಬಿಗೆ ಅರ್ಜಿ ಕೊಟ್ಟಾಗಲೂ ಹೀಗೇ ಆಗಿತ್ತು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಸ್ಲ್ಯಾಬ್ ಇನ್ನೂ ಬಂದಿಲ್ಲ. ಅಲ್ಲಿ ದನ ಬಿತ್ತು, ಇಲ್ಲಿ ಅತ್ತೆ. ಅಧಿಕಾರಿಗಳು ಬೇರೆ ಬೇರೆ, ಉತ್ತರ ಒಂದೇ.

ಆ ವಾಕ್‌ವೇಯನ್ನು ತಕ್ಷಣ ಮುಚ್ಚಬೇಕು. ಬೇಡ, ಮುಚ್ಚಿದರೆ ಮತ್ತೆ ತೆರೆಯುವವರು ಯಾರು? ರಿಪೇರಿಯನ್ನೇ ಮಾಡಲಿ, ಸುಮ್ನೆ ಬಣ್ಣ ಬಳಿಯುವುದಲ್ಲ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಅದೂ ಆಗದಿದ್ದರೆ ಪಾರ್ಕಿಂಗ್ ದುಡ್ಡು ವಸೂಲಿ ಮಾಡುವುದನ್ನಾದರೂ ನಿಲ್ಲಿಸಲಿ. ಸ್ವಲ್ಪವಾದರೂ ನಾಚಿಕೆ ಬೇಡವೇ?

– ನೊಂದ ಪ್ರವಾಸಿ, ದಾವಣಗೆರೆ