ಅಕ್ಕಸಾಲಿಗರ ಬೀದಿಗೂ ಒಂದು ಫಲಕ ಬೇಡವೇ?

ಮಾನ್ಯರೇ,

ಕೊಡಗಿಗೆ ಬರುವವರು ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ಎಂದು ಓಡಾಡಿ ಹೊರಟುಬಿಡುತ್ತಾರೆ. ನಮ್ಮ ವಿರಾಜಪೇಟೆ ಅವರ ಪಾಲಿಗೆ ಕೇರಳದ ದಾರಿಯಲ್ಲಿ ಚಹಾ ಕುಡಿಯುವ ಜಾಗ, ಅಷ್ಟೇ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಊರಿದು. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯೂ ಅವನದೇ. ಅದರ ಬಣ್ಣದ ಚಿತ್ರಗಳ ಮೇಲೆ ಪ್ರೇಮಿಗಳು ತಮ್ಮ ಹೆಸರು ಕೆತ್ತಿ ಹೋಗುವುದನ್ನು ಕಂಡರೆ ಮೈ ಉರಿಯುತ್ತದೆ.

ಮಗಳ ಮದುವೆಗೆ ಜೋಮಾಲೆ ಎಂಬ ಕೊಡವರ ಚಿನ್ನದ ಮಣಿಸರ ಮಾಡಿಸುವಾಗ ಅಕ್ಕಸಾಲಿಗರ ಪಕ್ಕದಲ್ಲೇ ಕುಳಿತು ನೋಡಿದೆ. ತೆಳ್ಳನೆಯ ಚಿನ್ನದ ತಗಡನ್ನು ಗುಂಡಾಗಿಸಿ, ಒಳಗೆ ಅರಗು ತುಂಬಿ, ಒಂದೊಂದೇ ಮಣಿಯನ್ನು ಕಪ್ಪು ದಾರಕ್ಕೆ ಪೋಣಿಸುತ್ತಾರೆ. ನೋಡಲು ದಪ್ಪ, ಕೈಯಲ್ಲಿ ಹಗುರ; ಬಡವರ ಮನೆಗೂ ಮರ್ಯಾದೆ ಉಳಿಸುವ ಜಾಣತನ! ಅರ್ಧಚಂದ್ರಾಕಾರದ ಪದಕವಿರುವ ಸರ ಕೊಕ್ಕೆತಾತಿಯ ಕೆಂಪು ಹರಳು ಕೂರಿಸಲು ಅವರು ಇಡೀ ಬೆಳಿಗ್ಗೆ ತಲೆ ಎತ್ತಲಿಲ್ಲ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಈ ಕೆಲಸಕ್ಕೆ ಬರುವುದಿಲ್ಲವಂತೆ.

ಅತ್ತ ಪ್ರವಾಸಿಗರ ಅಂಗಡಿಗಳಲ್ಲಿ ಬೆಳ್ಳಿಯಂತೆ ಹೊಳೆಯುವ ತಗಡಿನ ಪೀಚೆಕತ್ತಿಗಳು, ಅಂದರೆ ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿಗಳು, ರಾಶಿ ಬಿದ್ದಿವೆ. ಅವುಗಳಿಂದ ಸೌತೆಕಾಯಿಯನ್ನೂ ಹೆಚ್ಚಲಾಗದು.

ಪ್ರವಾಸೋದ್ಯಮ ಇಲಾಖೆ ತನ್ನ ನಕ್ಷೆಯಲ್ಲಿ ಕೈಕಸುಬಿನವರ ಬೀದಿಗಳನ್ನೂ ಗುರುತಿಸಲಿ. ಕಲಿಯಲು ಬರುವ ಹುಡುಗರಿಗೆ ತಿಂಗಳ ಭತ್ಯೆ ಕೊಡಲಿ. ಅರಮನೆಗೆ ಮೊದಲು ಒಬ್ಬ ಕಟ್ಟುನಿಟ್ಟಿನ ಕಾವಲುಗಾರನನ್ನು ನೇಮಿಸಲಿ.

– ನಿವೃತ್ತ ಶಿಕ್ಷಕಿ, ವಿರಾಜಪೇಟೆ