ಏರ್ ಬ್ರೇಕ್: ಪೆಡಲ್ ನಂಬಬೇಡಿ, ರಾಡ್ ಅಳೆಯಿರಿ

ಮಾನ್ಯ ಸಂಪಾದಕರೇ,

ಶಿರಾಡಿಯಲ್ಲೋ ಅರಬೈಲಿನಲ್ಲೋ ಲಾರಿ ಉರುಳಿದರೆ ಮರುದಿನದ ಸುದ್ದಿಯಲ್ಲಿ ‘ಬ್ರೇಕ್ ಫೇಲ್’ ಎಂದಷ್ಟೇ ಇರುತ್ತದೆ. ಲಾರಿಗಳಲ್ಲಿರುವ, ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕ್ ಏಕಾಏಕಿ ಕೈಕೊಡುವುದು ಅಪರೂಪ. ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಲೈನರ್ ಸವೆದಂತೆಲ್ಲ, ಬ್ರೇಕ್ ಚೇಂಬರಿನ (ಗಾಳಿ ತುಂಬಿದಾಗ ರಾಡನ್ನು ತಳ್ಳುವ ಡಬ್ಬಿ) ಪುಶ್ ರಾಡ್ ಹೆಚ್ಚು ಹೆಚ್ಚು ಹೊರಚಾಚುತ್ತದೆ. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದಾಗ ಇನ್ನಷ್ಟು ಚಾಚಬೇಕು. ರಾಡಿನ ಓಟ ಮುಗಿದ ಮೇಲೆ ಎಷ್ಟು ಗಾಳಿ ಕೊಟ್ಟರೂ ಬ್ರೇಕ್ ಹಿಡಿಯುವುದಿಲ್ಲ. ಅಲ್ಲಿಯವರೆಗೂ ಪೆಡಲ್ ಎಂದಿನಂತೆಯೇ ಇರುತ್ತದೆ, ಗಾಳಿಯ ಒತ್ತಡದ ಮೀಟರಿನಲ್ಲಿ 8 ಬಾರ್ ತೋರಿಸುತ್ತಲೇ ಇರುತ್ತದೆ. ಚಾಲಕನಿಗೆ ಸುಳಿವೇ ಸಿಗದು.

ಅಳೆಯಲು ಇಬ್ಬರು ಸಾಕು. ಸಮತಟ್ಟಾದ ಜಾಗದಲ್ಲಿ ಗಾಲಿಗೆ ದಿಮ್ಮಿ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಎಂಜಿನ್ ನಿಲ್ಲಿಸಿ. ರಾಡ್ ಚೇಂಬರಿನಿಂದ ಹೊರಬರುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. 6ರಿಂದ 7 ಬಾರ್ ಗಾಳಿಯಿರುವಾಗ ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲಿ. ಸಾಮಾನ್ಯ ಟೈಪ್ 30 ಗಾತ್ರದ ಚೇಂಬರಿನಲ್ಲಿ ಗೆರೆ 50 ಮಿ.ಮೀ.ಗಿಂತ ಹೆಚ್ಚು ಹೊರಗೆ ಸರಿದರೆ ಲಾರಿ ಘಾಟಿ ಇಳಿಯುವಂತಿಲ್ಲ. ಪೆಡಲ್ ಒತ್ತಿದಾಗಲೇ ಮೀಟರ್ ನೋಡಿ: ಮೊದಲ ಇಳಿತದ ನಂತರ ನಿಮಿಷಕ್ಕೆ 0.2 ಬಾರಿಗಿಂತ ಹೆಚ್ಚು ಇಳಿದರೆ ಗಾಳಿ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದ ಕಡೆ ಸೋರಿಕೆ ಸಿಗುತ್ತದೆ.

ರಾಡಿನ ತುದಿಯಲ್ಲಿದ್ದು ಸವೆತದ ಸಡಿಲ ಸರಿಪಡಿಸುವ ತೋಳೇ ಸ್ಲ್ಯಾಕ್ ಅಡ್ಜಸ್ಟರ್. ಅದು ಕೈಯಲ್ಲಿ ತಿರುಗಿಸುವಂಥದ್ದಾದರೆ, ಡ್ರಮ್ ತಣ್ಣಗಿರುವಾಗ ಲೈನರ್ ತಾಗುವವರೆಗೆ ಬಿಗಿಮಾಡಿ ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ಹಿಂದಕ್ಕೆ ಬಿಡಬೇಕು. ಆಟೊಮ್ಯಾಟಿಕ್ ಅಡ್ಜಸ್ಟರನ್ನು ಪದೇ ಪದೇ ಸ್ಪ್ಯಾನರಿನಿಂದ ತಿರುಗಿಸುವ ರೂಢಿ ಮಾತ್ರ ಬಹಳ ಅಪಾಯ. ಅದು ತಾನಾಗಿ ಸರಿಹೊಂದುತ್ತಿಲ್ಲವೆಂದರೆ ಅಡ್ಜಸ್ಟರ್ ಕೆಟ್ಟಿದೆ, ಇಲ್ಲವೇ ಲೈನರನ್ನು ಡ್ರಮ್ಮಿನತ್ತ ತಳ್ಳುವ ಕ್ಯಾಮಿನ ಬುಷ್ ಸವೆದಿದೆ. ತಿರುಗಿಸಿದರೆ ರೋಗ ಮುಚ್ಚಿಹೋಗುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಅದೇ ಸ್ಥಿತಿ.

ಮಳೆಗಾಲದಲ್ಲಂತೂ ದಿನವೂ ಏರ್ ಟ್ಯಾಂಕುಗಳ ಡ್ರೈನ್ ವಾಲ್ವ್ ತೆರೆದು ನೋಡಬೇಕು. ನೀರು ಬಂದರೆ ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಕಾರ್ಟ್ರಿಡ್ಜ್ ಕೆಲಸ ಮುಗಿದಿರಬಹುದು. ಎಣ್ಣೆ ಬಂದರೆ ಕಂಪ್ರೆಸರಿನ ರಿಂಗ್ ಪರೀಕ್ಷಿಸಿ. ಆ ಎಣ್ಣೆ ವಾಲ್ವುಗಳ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಇನ್ನೊಂದು ಮಾತು: ಹಿಂದಿನ ಗಾಲಿಗಳ ಸ್ಪ್ರಿಂಗ್ ಬ್ರೇಕ್ (ಪಾರ್ಕಿಂಗ್ ಬ್ರೇಕ್) ಚೇಂಬರನ್ನು ಯಾರೂ ರಸ್ತೆಬದಿ ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ಸಿಡಿದರೆ ಜೀವವೇ ಹೋಗುತ್ತದೆ.

ಸಾರಿಗೆ ಇಲಾಖೆ ಎಫ್‌ಸಿ (ವಾಹನದ ಅರ್ಹತಾ ಪತ್ರ) ಕೊಡುವಾಗ ಪ್ರತಿ ಗಾಲಿಯ ರಾಡಿನ ಅಳತೆ ಬರೆಸಲಿ. ಶಿರಾಡಿ ಇಳಿಜಾರು ಶುರುವಾಗುವ ಮೊದಲು, ದೋಣಿಗಾಲ್ ಆಸುಪಾಸಿನಲ್ಲಿ, ಲಾರಿಗಳನ್ನು ನಿಲ್ಲಿಸಿ ಬ್ರೇಕ್ ನೋಡಿಕೊಳ್ಳಲು ಸಮತಟ್ಟಾದ, ದೀಪವಿರುವ ಜಾಗವನ್ನು ಹೆದ್ದಾರಿ ಪ್ರಾಧಿಕಾರ ಮಾಡಿಕೊಡಲಿ.

– ಭಾರಿ ವಾಹನಗಳ ಬ್ರೇಕ್ ಮೆಕ್ಯಾನಿಕ್‌ಗಳು, ಹಾಸನ